ಹದಗಾರರು

ಹದಗಾರರು ಬೀಡಿ ಸೇದುವುದಿಲ್ಲ, ನೋಡುತ್ತಾರೆ. ಎದೆಗೆ ಸ್ಟೆತಾಸ್ಕೋಪು ಹಚ್ಚಿದ ಡಾಕ್ಟರು ಇನ್ನು ಮುಟ್ಟಬಾರದೆಂದು ಖಡಾಖಂಡಿತ ಹೇಳಿದ ಮೇಲಂತೂ ಅವರು ಸೇದಿದ್ದೇ ಇಲ್ಲ. "ಸೇದಬ್ಯಾಡ ಅಂದಾರ, ನೋಡಬ್ಯಾಡ ಅಂದಿಲ್ಲಲ್ಲ?" ಎಂಬುದು ಅವರ ವಾದ. ನೋಡುವುದೆಂದರೆ ಇಷ್ಟೇ. ನಿಮ್ಮ ಕಟ್ಟಿನಿಂದ ಒಂದನ್ನು ಎರಡು ಬೆರಳಲ್ಲಿ ಎತ್ತುವುದು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹಿಸುಕಿ ಎಲೆಯ ಸಪ್ಪಳ ಕೇಳುವುದು, ಮೂಗಿನ ಕೆಳಗೆ ಉದ್ದಕ್ಕೆ ಒಮ್ಮೆ ಹಾಯಿಸುವುದು, ದಾರದ ಗಂಟನ್ನು ಉಗುರಲ್ಲಿ ಕೆದಕುವುದು, ನಿಮ್ಮದೇ ಕಡ್ಡಿಪೆಟ್ಟಿಗೆ ಇಸಿದುಕೊಂಡು ಹೊತ್ತಿಸುವುದು, ಎರಡು ದಮ್ ಎಳೆಯುವುದು, ಕೆಮ್ಮುವುದು, ಕೊನೆಗೆ ಬೀಡಿಯ ಹದದ ಬಗ್ಗೆ ತೀರ್ಪು ಕೊಡುವುದು. ತೀರ್ಪು ಮುಗಿಯುವಷ್ಟರಲ್ಲಿ ಬೀಡಿಯೂ ಮುಗಿದಿರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದರಲ್ಲಿ ನೀವು ಎಲ್ಲಿ ಬಸ್ಸಿಳಿದರೂ ಇಂಥವರೊಬ್ಬರು ಸಿಗುತ್ತಾರೆ. ಬಿಳಿ ಧೋತರ, ತೋಳು ಮಡಚಿದ ಅಂಗಿ, ಹೆಗಲ ಮೇಲೆ ಟವೆಲ್ಲು. ಜೇಬು ಖಾಲಿ. ಖಾಲಿ ಜೇಬು ಬಡತನದ ಗುರುತೆಂದು ತಿಳಿದವರು ಮೋಸ ಹೋಗುತ್ತಾರೆ; ಹತ್ತೆಕರೆ ಮೆಕ್ಕೆಜೋಳ ಬೆಳೆಯುವ ಹದಗಾರರೂ ಉಂಟು. ಸ್ವಂತಕ್ಕೊಂದು ಕಟ್ಟು ಬೀಡಿ ಕೊಂಡರೆ ಒಂದೇ ಮಾಲಿನ ರುಚಿಗೆ ನಾಲಿಗೆ ಕಟ್ಟುಬೀಳುತ್ತದೆ, ನಿಷ್ಪಕ್ಷಪಾತತೆ ಹೋಗುತ್ತದೆ ಎಂದು ಅವರು ನಂಬಿದ್ದಾರೆ. ಆದ್ದರಿಂದ ಊರಿನ ಅಷ್ಟೂ ಜನರ ಜೇಬಿನಲ್ಲಿ ಅವರ ನಾಲಿಗೆ ಹಂಚಿಹೋಗಿದೆ.

ಇದನ್ನು ಬೇಡುವುದು ಎನ್ನಬೇಡಿ. "ಒಂದು ಬೀಡಿ ಕೊಡಪ" ಎಂದು ಅವರು ಈವರೆಗೆ ಯಾರನ್ನೂ ಕೇಳಿಲ್ಲ. "ಯಾವ್ದು ತಂದಿ? ಹೊಸಾ ಮಾಲೇನು? ತಾ ಇಲ್ಲಿ" ಎಂದು ಕೈ ನೀಡುತ್ತಾರೆ. ಕೊಟ್ಟವನಿಗೆ ತಾನು ಏನೋ ಕಳೆದುಕೊಂಡೆ ಎನಿಸುವುದಿಲ್ಲ, ತನ್ನ ಮಾಲು ತಪಾಸಣೆಗೆ ಆಯ್ಕೆಯಾಯಿತು ಎನಿಸುತ್ತದೆ. ತೀರ್ಪು ಬರುವವರೆಗೆ ಅವನು ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಕಟ್ಟಿನ ಮೇಲೆ ಸರ್ಕಾರ ಅಚ್ಚು ಹಾಕಿಸಿದ ಕೊಳೆತ ಬಾಯಿಯ ಚಿತ್ರವಿದೆಯಲ್ಲ, 2016ರಿಂದ ಪೊಟ್ಟಣದ ನೂರಕ್ಕೆ 85 ಭಾಗ ಅದೇ ಇರಬೇಕೆಂದು ಕಾನೂನು. ಅದನ್ನು ನೋಡಿ ಒಮ್ಮೆಯೂ ಅವರು ಮುಖ ಕಿವಿಚಿದ್ದಿಲ್ಲ. ಕಟ್ಟು ಅವರದಲ್ಲ, ಹಾಗಾಗಿ ಚಿತ್ರವೂ ಅವರದಲ್ಲ.

ಬಸ್ ನಿಲ್ದಾಣದ ಪಕ್ಕದ ಬೇವಿನ ಕಟ್ಟೆ ಅವರ ಕಚೇರಿ. 2008ರ ಅಕ್ಟೋಬರ್ 2ರಂದು ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ನಿಯಮ ಜಾರಿಗೆ ಬಂದಾಗ ಯಾರೋ ಕಟ್ಟೆಗೊಂದು ಫಲಕ ಹೊಡೆದರು. ಅದು ಅವರ ಬೆನ್ನಿಗೆ ಆನಿಕೆಯಾಯಿತು. ಹರಪನಹಳ್ಳಿಯ ಹದಗಾರರದು ಇನ್ನೂ ದೊಡ್ಡ ಕಥೆ. ಅವರ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮೂರು ಜಿಲ್ಲೆಗಳ ಬೀಡಿ ನೋಡಿದೆ, ಕಟ್ಟೆ ಬಿಟ್ಟು ಏಳಲಿಲ್ಲ ಎಂದು ಅವರು ಹೇಳಿಕೊಳ್ಳುತ್ತಾರೆ.

ತೀರ್ಪು ಯಾವತ್ತೂ ಒಂದೇ ಮಾತಿನದು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಎಂದು ಲಕ್ಷ ಜನರ ಬಾಯಿ ಮುಚ್ಚಿಸಿ ಒಂದು ಸಾಲಿನ ಕಾರಣಿಕ ನುಡಿದು ಕೆಳಕ್ಕೆ ಬೀಳುತ್ತಾನಲ್ಲ, ಹದಗಾರರ ನುಡಿಯೂ ಹಾಗೇ. "ಎಲಿ ಮುಂದಾತು." "ಬಟ್ಟಿ ಕಮ್ಮಿ ಬಿತ್ತು." "ಕೈ ಬದಲಾಗೇತಿ." ಅರ್ಥ ಬಿಡಿಸಿಕೊಳ್ಳುವ ಹೊಣೆ ಕೇಳಿದವರದು. ಎಲೆ ಮುಂದಾಯಿತೆಂದರೆ ಮಧ್ಯಪ್ರದೇಶದಿಂದಲೋ ಒಡಿಶಾದಿಂದಲೋ ಬಂದ ತೆಂಡು ಎಲೆ ಬಲಿತಿತ್ತು, ತಂಬಾಕಿಗಿಂತ ಎಲೆಯ ಹೊಗೆ ಜಾಸ್ತಿ ಎಂದರ್ಥ. ಬಟ್ಟಿ ಕಮ್ಮಿ ಎಂದರೆ ಕಟ್ಟಿದ ಬೀಡಿಯನ್ನು ಕಾವಿನಲ್ಲಿಟ್ಟು ಒಣಗಿಸುವಾಗ ಯಾರೋ ಆತುರ ಮಾಡಿದ್ದಾರೆ. ಕೈ ಬದಲಾಗಿದೆ ಎಂದರೆ ಕಟ್ಟುವವರು ಬೇರೆ.

ಈ ಕೊನೆಯದರಲ್ಲಿ ಅವರು ತಪ್ಪಿದ್ದು ಕಡಿಮೆ. ಹರಪನಹಳ್ಳಿಯ ಓಣಿಗಳಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳಿದ್ದಾರೆ. ನೆನೆಸಿದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಚಿಟಿಕೆ ತಂಬಾಕು ಹರಡಿ, ಸುತ್ತಿ, ಬಾಯಿ ಮಡಚಿ, ದಾರ ಬಿಗಿಯುವಷ್ಟರಲ್ಲಿ ಕಣ್ಣು ರೆಪ್ಪೆ ಬಡಿದಿರುವುದಿಲ್ಲ. ಒಂದು ಬೀಡಿಯಲ್ಲಿರುವ ತಂಬಾಕು ಕಾಲು ಗ್ರಾಮಿನ ಆಸುಪಾಸು. ಆ ಚಿಟಿಕೆ ಹೆಚ್ಚಾದರೆ ಕಂಪನಿಯ ಕಡೆಯವನು ಬೈಯುತ್ತಾನೆ, ಕಡಿಮೆಯಾದರೆ ಬೀಡಿ ಆರುತ್ತದೆ, ಸಡಿಲಾದರೆ ಕಟ್ಟನ್ನೇ ತಿರಸ್ಕರಿಸುತ್ತಾರೆ. ಬೀಡಿಯ ಹದ ಏನೆಂದು ನಿಜಕ್ಕೂ ಬಲ್ಲವರು ಈ ಹೆಣ್ಣುಮಕ್ಕಳು. ಅವರನ್ನು ಯಾರೂ ಕೇಳುವುದಿಲ್ಲ. ಸಾವಿರ ಬೀಡಿ ಕಟ್ಟಿದವಳಿಗೆ ಕೂಲಿ, ಒಂದು ಬೀಡಿ ನೋಡಿದವನಿಗೆ ಪಾಂಡಿತ್ಯ!

ಇರಲಿ. ಪುಕ್ಕಟೆ ರುಚಿ ನೋಡುವ ಈ ಪರಂಪರೆಗೆ ನಮ್ಮ ಕಡೆ ರಾಜಮನ್ನಣೆಯೂ ಇದೆ. ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದವನು ಅಲ್ಲಿ ತಂಬಾಕು ಕಂಡು ಬೆರಗಾಗಿ, ರತ್ನ ಕೂರಿಸಿದ ಕೊಳವೆಯ ಸಮೇತ ಅದನ್ನು 1604ರ ಸುಮಾರಿಗೆ ಆಗ್ರಾಕ್ಕೆ ಒಯ್ದ. ಬಾದಶಹ ದೂತನ ಮನಸ್ಸು ನೋಯಿಸಬಾರದೆಂದು ಕೆಲವು ದಮ್ ಎಳೆದ, ಹಕೀಮರು ಬೇಡವೆಂದರು, ಅಲ್ಲಿಗೆ ನಿಲ್ಲಿಸಿದ. ಬೇರೆಯವನು ತಂದ ಮಾಲು, ಎರಡು ದಮ್, ವೈದ್ಯರ ಆಕ್ಷೇಪ. ಅಕ್ಬರನಿಗೂ ನಮ್ಮ ಹದಗಾರರಿಗೂ ಇರುವ ವ್ಯತ್ಯಾಸವೆಂದರೆ ಅಕ್ಬರ ವೈದ್ಯರ ಮಾತು ಕೇಳಿದ.

ಕೊಟ್ಟೂರಿನ ಹದಗಾರರೊಬ್ಬರ ಬಾಳಿಗೆ ನಿಕರಾಗುವಾ ಬಂದದ್ದು ಗುರು ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ. ಅಮೆರಿಕದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ತೇರಿಗೆಂದು ಬಂದವನು, ಮಾವನ ಕೀರ್ತಿ ಬಲ್ಲವನಾದ್ದರಿಂದ ಗಾಜಿನ ಕೊಳವೆಯಲ್ಲಿಟ್ಟ ನಿಕರಾಗುವಾದ ಒಂದು ಸಿಗಾರು ತಂದುಕೊಟ್ಟ. ಕಟ್ಟೆಯಲ್ಲಿ ಜನ ಸೇರಿತು. ಕಂದು ಬಣ್ಣ, ಹೆಬ್ಬೆರಳ ದಪ್ಪ, ಸೊಂಟಕ್ಕೆ ಚಿನ್ನದ ಬಣ್ಣದ ಪಟ್ಟಿ. ಬೆಲೆ ಕೇಳಿದಾಗ ಹುಡುಗ ಡಾಲರಿನಲ್ಲಿ ಹೇಳಿದ. ಅದಕ್ಕೆ ಎಷ್ಟು ಕಟ್ಟು ಬೀಡಿ ಬರುತ್ತದೆಂದು ಲೆಕ್ಕ ಹಾಕುವಷ್ಟರಲ್ಲಿ ಎಲ್ಲರ ಚಹಾ ಆರಿಹೋಯಿತು.

ಹುಡುಗ ಪಾಠ ಶುರು ಮಾಡಿದ. 1959ರ ಕ್ರಾಂತಿಯ ನಂತರ ಕ್ಯೂಬಾದಲ್ಲಿ ತಂಬಾಕಿನ ತೋಟ, ಕಾರ್ಖಾನೆಗಳು ಸರ್ಕಾರದ ಪಾಲಾದವು. ಕೆಲವು ಮನೆತನದವರು ಕೈಕಸುಬನ್ನಷ್ಟೇ ಹೊತ್ತು ದೇಶ ಬಿಟ್ಟರು. ನಿಕರಾಗುವಾದ ಎಸ್ತೆಲಿ, ಹಲಾಪಾ ಕಣಿವೆಗಳಲ್ಲಿ ಅವರಿಗೆ ತಮ್ಮೂರಿನಂಥ ಮಣ್ಣು ಸಿಕ್ಕಿತು. ಆ ದೇಶದ ಅತಿ ಹಳೆಯ ಸಿಗಾರ್ ಕಾರ್ಖಾನೆ ಹೋಯಾ ದೆ ನಿಕರಾಗುವಾ ಶುರುವಾದದ್ದು 1968ರಲ್ಲಿ. ಎಲೆ ಒಣಗಿಸಿ ಆಳೆತ್ತರದ ರಾಶಿ ಒಟ್ಟುತ್ತಾರೆ, ರಾಶಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ, ಕಾವು ಮಿತಿ ಮೀರುವ ಮುಂಚೆ ಬಿಚ್ಚಿ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಘಾಟು ಇಳಿದ ಮೇಲೆ ಪಿಂಡಿ ಕಟ್ಟಿ ವರ್ಷಗಟ್ಟಲೆ ಇಡುತ್ತಾರೆ. ಗಿಡದ ತುದಿಯ ಎಲೆ ಖಡಕ್ಕು, ಬುಡದ್ದು ಸೌಮ್ಯ. ಎರಡನ್ನೂ ಬೆರೆಸಿ ಸುತ್ತುತ್ತಾರೆ.

"ಅಂದ್ರ ಮೈಯೆಲ್ಲಾ ತಂಬಾಕು. ದಾರ?"

"ದಾರ ಇಲ್ಲ ಮಾಮ. ಅಂಟು ಹಚ್ಚಿರ್ತಾರ."

"ಬಿಚ್ಚಿಗೊಂಡ್ರ ಯಾರಿಗೆ ಹೇಳಬೇಕು?"

ರುಚಿಯ ವಿವರ ಮೊಬೈಲಿನಲ್ಲಿತ್ತು. ಮೊದಲ ಭಾಗದಲ್ಲಿ ಕರಿಮೆಣಸು, ನಡುವೆ ಕೋಕೋ ಮತ್ತು ದೇವದಾರು, ಕೊನೆಗೆ ಚರ್ಮ ಮತ್ತು ಮಣ್ಣು ಎಂದು ಹುಡುಗ ಓದಿದ. ಕಟ್ಟೆಯ ಮೇಲಿದ್ದವರು ನಕ್ಕರು. ಹದಗಾರರು ನಗಲಿಲ್ಲ. ತಮ್ಮ ವಿದ್ಯೆಯ ಇನ್ನೊಬ್ಬ ಪಂಡಿತ ಎಲ್ಲೋ ಇದ್ದಾನೆಂದು ಅವರಿಗೆ ಗೊತ್ತಾಯಿತು. ಒಂದೇ ಪ್ರಶ್ನೆ ಕೇಳಿದರು: "ಮಣ್ಣು ಅಂದ್ರ ಯಾವ್ದು? ಕೂಡ್ಲಿಗಿ ಕೆಮ್ಮಣ್ಣೋ, ಹಡಗಲಿ ಎರಿ ಮಣ್ಣೋ?"

ಹುಡುಗನಿಗೆ ಉತ್ತರ ತಿಳಿಯಲಿಲ್ಲ. ಮೊಬೈಲಿಗೂ ತಿಳಿಯಲಿಲ್ಲ.

ಹೊಗೆಯನ್ನು ಎದೆಗೆ ಎಳೆಯಬಾರದು, ಬಾಯಲ್ಲೇ ಆಡಿಸಿ ಬಿಡಬೇಕೆಂದು ಅವನು ಹೇಳಿದ್ದಕ್ಕೆ "ಮುಕ್ಕಳಿಸಾಕೇನು?" ಎಂದರು. ಆದರೆ ಅವರನ್ನು ನಿಜವಾಗಿ ಅಲ್ಲಾಡಿಸಿದ ಸಂಗತಿ ಬೇರೆ. ಕಾರ್ಖಾನೆಗಳಲ್ಲಿ ದಿನವೂ ಸಿಗಾರು ಸೇದಿ ಹದ ಹೇಳುವವರೇ ಇರುತ್ತಾರೆ, ಅದಕ್ಕೆ ಸಂಬಳ ಕೊಡುತ್ತಾರೆ ಎಂದು ಹುಡುಗ ಮಾತಿನ ನಡುವೆ ಅಂದುಬಿಟ್ಟ.

"ಸಂಬಳ? ಸೇದಾಕ?"

"ಹೌದು ಮಾಮ."

ಅವತ್ತಿನಿಂದ ಕೆಲವು ದಿನ ಹದಗಾರರು ಯಾರ ಬೀಡಿಯನ್ನೂ ನೋಡಲಿಲ್ಲ. ಜೀವಮಾನವೆಲ್ಲ ಧರ್ಮಕ್ಕೆ ದುಡಿದೆನೆಂಬ ವ್ಯಥೆ. ಮಂಡಕ್ಕಿ ತಿನ್ನುವಾಗ ಮಿರ್ಚಿಯ ಉಪ್ಪಿನ ಬಗ್ಗೆ ಕೂಡ ಮಾತಾಡದಷ್ಟು ಕುಗ್ಗಿಹೋದರು. ಮಿರ್ಚಿ ಕರಿಯುವವನು ಹೆದರಿ ಎರಡು ಜಾಸ್ತಿ ಹಾಕಿಕೊಟ್ಟ. ಅದರಿಂದ ಸ್ವಲ್ಪ ಚೇತರಿಕೆಯಾಯಿತು.

ಆದರೆ ಸಿಗಾರನ್ನು ಹೊತ್ತಿಸುವುದೇ ದೊಡ್ಡ ಸಮಸ್ಯೆಯಾಗಿ ಕುಳಿತಿತು. ಅದು ಮುಗಿಯಲು ಒಂದೂವರೆ ತಾಸು ಬೇಕು. ಹದಗಾರರದು ಎರಡು ದಮ್ಮಿನ ಕಸುಬು. ಒಂದೂವರೆ ತಾಸು ಒಂದೇ ಮಾಲಿಗೆ ಕೂತರೆ ಉಳಿದ ಊರಿನ ಗತಿಯೇನು? ಅದಕ್ಕಿಂತ ಹೆಚ್ಚಾಗಿ, ಹುಟ್ಟಿದ ಮೇಲೆ ಮೊದಲ ಸಲ ಅವರ ಜೇಬಿನಲ್ಲಿ ಅವರದೇ ಆದ ತಂಬಾಕಿತ್ತು. ಇದು ಊರಿಗೆ ಗೊತ್ತಿತ್ತು. ಬರುವವರು, ಹೋಗುವವರು, ಸೇದದವರೂ ಸಹ "ಯಾವಾಗ ಹಚ್ಚೋದ್ರೀ? ನಮಗೂ ಒಂದು ದಮ್ ಇರ್ಲಿ" ಎನ್ನತೊಡಗಿದರು. ಅವರ ಮುಖ ಕಂಡರೆ ಹದಗಾರರಿಗೆ ಅಸಹ್ಯ. ಮತ್ತೊಬ್ಬನ ಜೇಬಿಗೆ ಕಣ್ಣು ಹಾಕುವ ಜನ!

ಇದರಿಂದ ಅವರನ್ನು ಬಿಡಿಸಿದ್ದು ಅವರ ವಿದ್ಯೆಯೇ. "ಇನ್ನಾ ಹದಕ್ಕ ಬಂದಿಲ್ಲ. ಇದು ಹಳೇದಾದಷ್ಟೂ ರುಚಿ. ಇಡಬೇಕು" ಎಂದು ಘೋಷಿಸಿದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ, ಅಕ್ಕನ ಮಗನೇ ಹೇಳಿದ್ದ. ದೇವದಾರಿನ ಪೆಟ್ಟಿಗೆಯಲ್ಲಿ, ನೂರಕ್ಕೆ 65ರಿಂದ 70ರಷ್ಟು ತೇವದಲ್ಲಿ, 20 ಡಿಗ್ರಿ ತಂಪಿನಲ್ಲಿ ಇಟ್ಟರೆ ವರ್ಷಗಟ್ಟಲೆ ಮಾಗುತ್ತದೆ. ಈ ಸೀಮೆಯ ಏಪ್ರಿಲ್ಲಿನಲ್ಲಿ 20 ಡಿಗ್ರಿ ಎಲ್ಲಿಂದ ತರುವುದು? ಹಡಗಲಿಯ ಬೀಗರು ಮಲ್ಲಿಗೆ ಕಳಿಸಿದ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟು ನೋಡಿದರು. ಎರಡೇ ದಿನಕ್ಕೆ ಸಿಗಾರು ಮದುವೆಮನೆಯ ವಾಸನೆ ಹೊಡೆಯಿತು. ತೆಗೆದು ಕೂಡ್ಲಿಗಿಯಿಂದ ತರಿಸಿದ ಹುಣಸೆಹಣ್ಣಿನ ಹರವಿಯಲ್ಲಿಟ್ಟರು. ವಾರದಲ್ಲಿ ಮನೆಯಾಕೆ ಸಾರಿನ ತಟ್ಟೆಯನ್ನು ಮುಂದೆ ಕುಕ್ಕಿ, "ಉಣ್ಣಬ್ಯಾಡ್ರಿ, ನೋಡ್ರಿ" ಎಂದರು. ಕೊನೆಗೆ ನಡುಮನೆಯ ಕತ್ತಲಲ್ಲಿ, ಹಸಿ ಮರಳಿನ ಮೇಲೆ ಕೂರಿಸಿದ ಹೊಸ ಮಣ್ಣಿನ ಗಡಿಗೆಗೆ ಅದರ ವಾಸ್ತವ್ಯ ಬದಲಾಯಿತು. ಮರಳಿಗೆ ದಿನಾ ಎರಡು ಹೊತ್ತು ನೀರು. ಕೊಳವೆಬಾವಿ ಬತ್ತಿದ ಬೇಸಿಗೆಯಲ್ಲೂ ಅದು ತಪ್ಪಲಿಲ್ಲ.

ಕೀರ್ತಿ ಬೆಳೆಯಿತು. ಸಿಗಾರು ಸೇದಿದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಸೇದದೆ ಇಟ್ಟುಕೊಂಡವರು ಅಪರೂಪ. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಕಂಡವರು "ಹೆಂಗೈತ್ರೀ ಆರೋಗ್ಯ?" ಎಂದರೆ ಅವರದ್ದೋ ಗಡಿಗೆಯದ್ದೋ ತಿಳಿಯದಂತಾಯಿತು. ಇತ್ತ ಅವರ ಹಳೆಯ ಕಸುಬಿಗೂ ಹೊಸ ಕಳೆ ಬಂತು. ಈಗ ಯಾರದಾದರೂ ಬೀಡಿ ನೋಡಿದರೆ "ನಡುವ ಕರಿಮೆಣಸು ಐತಿ, ಕಡೀಗೆ ಚರ್ಮ" ಎನ್ನುತ್ತಾರೆ. ಕೊಟ್ಟವನು ಧನ್ಯ.

ಮರುವರ್ಷ ತೇರಿಗೆ ಹುಡುಗ ಮತ್ತೆ ಬಂದ. ಸಿಗಾರಿನ ಜೊತೆ ಮಾವನ ಫೋಟೋ ಬೇಕೆಂದ. ಕಟ್ಟೆಯವರು ಮನೆಯವರೆಗೂ ಮೆರವಣಿಗೆ ಬಂದರು. ಗಡಿಗೆಯ ಬಾಯಿಬಟ್ಟೆ ಬಿಚ್ಚಿ ಎತ್ತಿದರೆ ಸಿಗಾರಿನ ಮೈತುಂಬ ಸೂಜಿ ಚುಚ್ಚಿದಂಥ ತೂತು, ಅಂಗೈಗೆ ಕಂದು ಪುಡಿ. ಮೆಣಸಿನಕಾಯಿ, ಕೊತ್ತಂಬರಿ ಬೀಜದಲ್ಲಿ ಆಗುವಂಥದೇ ಸಣ್ಣ ಕಂದು ನುಸಿ. ತಂಬಾಕಿಗೂ ಅದು ಬೀಳುತ್ತದೆ; ತತ್ತಿ ಎಲೆಯಲ್ಲೇ ಅಡಗಿದ್ದು, ಸೆಕೆ ಏರಿದ ಕೂಡಲೇ ಮರಿಯಾಗಿ ಕೊರೆಯುತ್ತದೆ. ಅದಕ್ಕೇ ಸಿಗಾರಿನ ಜನ 20 ಡಿಗ್ರಿ ಎಂದು ಬಡಿದುಕೊಳ್ಳುವುದು.

ಹುಡುಗನ ಮುಖ ಸಣ್ಣದಾಯಿತು. ಹಿಂದೆ ನಿಂತವನೊಬ್ಬ ಕಿಸಕ್ಕೆಂದ. ಹದಗಾರರು ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ಮೂಸಿದರು, ಹಿಸುಕಿ ಕಿವಿಗೆ ಹಿಡಿದರು, ತೂತುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ಪರೀಕ್ಷಿಸಿದರು. ಕೆಮ್ಮಿದರು.

"ನುಸಿ ಸುಮ್ನ ಕಂಡದ್ದಕ್ಕೆಲ್ಲಾ ಬಾಯಿ ಹಾಕಂಗಿಲ್ಲ ತಮ್ಮಾ. ತುದಿಯಾಗ ಎರಡೇ ತೂತು ಅದಾವು, ನಡುವ ಹನ್ನೊಂದು. ರುಚಿ ನಡುವ ಐತಿ. ಮಾಲು ಚಲೋದು."

ಜನ ತಲೆದೂಗಿದರು. ಹದಗಾರರು ಪುಡಿ ಕೊಡವಿಕೊಂಡು ಹುಡುಗನ ಅಂಗಿ ಜೇಬಿನ ಕಡೆ ಕೈ ನೀಡಿದರು.

"ಆದ್ರ ಒಂದರ ಮ್ಯಾಲೆ ತೀರ್ಪು ಹೇಳಾಕ ಬರಂಗಿಲ್ಲ. ಈ ಸಲ ಯಾವ್ದು ತಂದಿ? ತಾ ಇಲ್ಲಿ."