ಹಿಮಪಾದುಕಾ ಪ್ರಕರಣ

ಯಾವ ಶಾಸ್ತ್ರಕ್ಕಾದರೂ ಮೊದಲು ಕ್ಷೇತ್ರನಿರ್ಣಯ ಆಗಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಕಾರಿನಲ್ಲಿ ಎರಡೂವರೆ ಗಂಟೆಯ ಹಾದಿಯಲ್ಲಿ, ಮೌಂಟ್ ರೇನಿಯರ್ ಎಂಬ 4,392 ಮೀಟರ್ ಎತ್ತರದ ಜ್ವಾಲಾಮುಖಿಯಿದೆ. ಅದರ ದಕ್ಷಿಣದ ಮಗ್ಗುಲಲ್ಲಿ, 1,650 ಮೀಟರ್ ಎತ್ತರದ ಆಸುಪಾಸಿನಲ್ಲಿ, ಪ್ಯಾರಡೈಸ್ ಎಂಬ ಜಾಗ. ಚಳಿಗಾಲದ ವಾರಾಂತ್ಯಗಳಲ್ಲಿ ಇಲ್ಲಿಗೆ ಬಂದವರನ್ನು ಗುಂಪು ಮಾಡಿ, ಕಾಲಿಗೆ ಸ್ನೋಶೂ ಕಟ್ಟಿಸಿ, ಹಿಮದ ಮೇಲೆ ನಡೆಸಿಕೊಂಡು ಬರುವುದು ರಾಷ್ಟ್ರೀಯ ಉದ್ಯಾನದ ರೇಂಜರುಗಳು ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ. ಸುಮಾರು ಮೂರು ಕಿಲೋಮೀಟರಿಗೆ ಎರಡು ಗಂಟೆ. ಬೆಲ್‌ವ್ಯೂ, ರೆಡ್‌ಮಂಡ್ ಕಡೆಯ ಸಾಫ್ಟ್‌ವೇರ್ ಕನ್ನಡಿಗರೂ ಈ ಗುಂಪುಗಳಲ್ಲಿ ಕಾಣಸಿಗುವುದರಿಂದ ಪ್ರಸ್ತುತ ಪ್ರಕರಣವನ್ನು ಕನ್ನಡದಲ್ಲಿ ಬರೆಯುವುದಕ್ಕೆ ಅಧಿಕಾರ ಪ್ರಾಪ್ತವಾಗಿದೆ.

ಕ್ಷೇತ್ರಮಹಿಮೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡಬೇಕು. 1971–72ರ ಒಂದೇ ಋತುವಿನಲ್ಲಿ ಪ್ಯಾರಡೈಸ್‌ನಲ್ಲಿ ಬಿದ್ದ ಹಿಮ 28.5 ಮೀಟರ್. ಒಟ್ಟಿಗೆ ನಿಂತದ್ದಲ್ಲ, ಬಿದ್ದದ್ದು ಕುಸಿಯುತ್ತ, ಮತ್ತೆ ಬೀಳುತ್ತ ಆದ ಲೆಕ್ಕ. ಇದು ಜಗತ್ತಿನ ದಾಖಲೆಯಾಗಿತ್ತು. 1998–99ರಲ್ಲಿ ಇದೇ ರಾಜ್ಯದ ಮೌಂಟ್ ಬೇಕರ್ ಅರ್ಧ ಮೀಟರಿನಷ್ಟು ಹೆಚ್ಚು ಹಿಮ ಕೆಡವಿಕೊಂಡು ಆ ಕಿರೀಟವನ್ನು ಕಸಿದುಕೊಂಡಿತು. ದಾಯಾದಿಗಳ ವ್ಯಾಜ್ಯವಾದ್ದರಿಂದ ಶಾಸ್ತ್ರಕಾರ ತೀರ್ಪು ಕೊಡುವುದಿಲ್ಲ.

ಈಗ ವಿಷಯ. ಸ್ನೋಶೂ ಕಟ್ಟಿಕೊಂಡು ಬೆಟ್ಟಕ್ಕೆ ಹೊರಟ ಮನುಷ್ಯರನ್ನು ಯಾವ ಆಧಾರದ ಮೇಲೆ ವಿಂಗಡಿಸಬೇಕು?

ಪಾದುಕೆಯ ಆಧಾರದ ಮೇಲೆ ಎನ್ನುವುದು ಮೊದಲ ಪೂರ್ವಪಕ್ಷ. ಇದಕ್ಕೆ ಪ್ರಾಚೀನತೆಯ ಬಲವಿದೆ. ಇಟಲಿ–ಆಸ್ಟ್ರಿಯಾ ಗಡಿಯ ಆಲ್ಪ್ಸ್ ಹಿಮನದಿಯೊಂದರಲ್ಲಿ 2003ರಲ್ಲಿ ಸಿಕ್ಕಿದ ಭೂರ್ಜದ ಕಟ್ಟಿಗೆಯ ಸ್ನೋಶೂ ಕ್ರಿ.ಪೂ. 3800ರ ಆಚೀಚಿನದು. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಂತೂ ಭೇದಗಳ ದೊಡ್ಡ ಪಟ್ಟಿಯೇ ಇದೆ: ಓಜಿಬ್ವೆಯವರದು ಎರಡೂ ತುದಿ ಚೂಪು, ಹ್ಯೂರನ್ ಮಾದರಿಯದಕ್ಕೆ ಹಿಂದೆ ಬಾಲ, ಕರಡಿಪಾದ ಎಂದು ಹೆಸರಾದದ್ದಕ್ಕೆ ಬಾಲವೇ ಇಲ್ಲ. ಎಲ್ಲಕ್ಕೂ ಬಾಗಿಸಿದ ಮರದ ಚೌಕಟ್ಟು, ಹಸಿತೊಗಲ ದಾರದ ಹೆಣಿಗೆ. 1970ರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದವರೇ ಆದ ಪ್ರೇಟರ್ ಸಹೋದರರು ಮರ ಬಿಟ್ಟು ಅಲ್ಯೂಮಿನಿಯಂ ಕೊಳವೆ ಹಿಡಿದರು. 1995ರಲ್ಲಿ ಸಿಯಾಟಲ್‌ನ ಎಂಎಸ್‌ಆರ್ ಕಂಪನಿ ಅಚ್ಚಿನ ಪ್ಲಾಸ್ಟಿಕ್ಕಿಗೆ ಬಂತು. ಇಷ್ಟು ವಂಶಾವಳಿ ಇದ್ದೂ ಈ ಪಕ್ಷ ಬಿದ್ದುಹೋಗುತ್ತದೆ. ಕಾರಣ, ರೇಂಜರ್ ನಡಿಗೆಗೆ ಎರವಲು ಸಿಗುವ ಸ್ನೋಶೂಗಳಲ್ಲಿ ದೊಡ್ಡದು ಚಿಕ್ಕದು ಎಂಬುದನ್ನು ಬಿಟ್ಟರೆ ಬೇರೆ ಭೇದವಿಲ್ಲ. ಒಂದೇ ಥರದ್ದನ್ನು ಕಟ್ಟಿಕೊಂಡ ಇಪ್ಪತ್ತು ಜನ ಇಪ್ಪತ್ತು ಥರ ನಡೆಯುವುದನ್ನು ಕಂಡಮೇಲೂ ಈ ವಾದವನ್ನು ಬಿಡದವರು ಸ್ನೋಶೂ ಮಾರುವವರು ಮಾತ್ರ.

ಬಟ್ಟೆಯ ಆಧಾರದ ಮೇಲೆ ಎನ್ನುವುದು ಎರಡನೆಯದು. ಮೈಗಂಟಿ ಉಣ್ಣೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ನೀರು ತಡೆಯುವ ಜಾಕೆಟ್ ಎಂಬ ಮೂರು ಪದರದವರು ಒಂದು ಕಡೆ, ಜೀನ್ಸ್ ತೊಟ್ಟು ಬಂದವರು ಇನ್ನೊಂದು ಕಡೆ. ಹತ್ತಿ ಒದ್ದೆಯಾದರೆ ಮೈಯ ಕಾವನ್ನೆಲ್ಲ ಹೀರುತ್ತದೆ ಎಂಬುದು ನಿಜ. ಆದರೆ ಅರ್ಧ ಗಂಟೆಯೊಳಗೆ ಎರಡು ಪಂಗಡದವರೂ ಬೆವತು, ಜಾಕೆಟ್ ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳುವುದರಿಂದ ಈ ಮತವನ್ನು ಹೆಚ್ಚು ಬೆಳೆಸುವ ಅಗತ್ಯವಿಲ್ಲ.

ಸಿದ್ಧಾಂತ ಹೀಗೆ: ಸಾಲಿನಲ್ಲಿ ಎಲ್ಲಿದ್ದಾನೆ ಎಂಬುದೇ ಮನುಷ್ಯನ ಲಕ್ಷಣ.

ಇದಕ್ಕೆ ಹಿಮವೇ ಪ್ರಮಾಣ. ಶಾಂತಸಾಗರದ ತೇವವನ್ನೆಲ್ಲ ಹೊತ್ತು ಬಂದು ಬೀಳುವ ಇಲ್ಲಿನ ಹಿಮ ಹತ್ತಿಯಂಥದ್ದಲ್ಲ, ಭಾರದ್ದು. ಸ್ಥಳೀಯರು ಕ್ಯಾಸ್ಕೇಡ್ ಕಾಂಕ್ರೀಟ್ ಎನ್ನುತ್ತಾರೆ. ಸ್ನೋಶೂ ಕಟ್ಟಿಕೊಂಡ ಮಾತ್ರಕ್ಕೆ ಅದರ ಮೇಲೆ ತೇಲುತ್ತೇವೆ ಎಂದುಕೊಳ್ಳಬಾರದು. ದೇಹದ ಭಾರ ಅಗಲಕ್ಕೆ ಹರಡಿ, ತೊಡೆಯವರೆಗೆ ಹುಗಿಯಬೇಕಾದ ಕಾಲು ಮೀನಖಂಡಕ್ಕೆ ನಿಲ್ಲುತ್ತದೆ, ಅಷ್ಟೆ. ಎಲ್ಲರಿಗಿಂತ ಮುಂದಿರುವವರು ಒಂದೊಂದು ಹೆಜ್ಜೆಗೂ ಕಾಲನ್ನು ಗುಂಡಿಯಿಂದ ಕೀಳಬೇಕು, ಸ್ನೋಶೂ ಮೇಲೆ ಕುಳಿತ ಹಿಮವನ್ನೂ ಸೇರಿಸಿ ಎತ್ತಬೇಕು. ಮೂರನೆಯವರಿಗೆ ಅದು ತುಳಿದ ಜಾಡು. ಹತ್ತನೆಯವರಿಗೆ ರಸ್ತೆ.

ಅಗ್ರಸ್ಥಾನ ರೇಂಜರಿನದು. ಅವರ ಬೆನ್ನಿಗೇ ಅಂಟಿ ನಡೆಯುವುದು ಪ್ರಶ್ನಶೀಲವರ್ಗ. ಇವರು ಬೆಟ್ಟದ ಬಗ್ಗೆ ಮನೆಯಲ್ಲೇ ಓದಿಕೊಂಡು ಬಂದಿರುತ್ತಾರೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಕೇಳುತ್ತಾರೆ. ಅವರ ಹಿಂದಿನದು ಮಧ್ಯಮವರ್ಗ. ಗ್ರೀನ್ ಕಾರ್ಡು ಎಲ್ಲಿಗೆ ಬಂತು, ಸಮ್ಮಾಮಿಶ್‌ನಲ್ಲಿ ಮನೆ ಕೊಳ್ಳುವುದೋ ಬಾತೆಲ್‌ನಲ್ಲೋ, ಈ ಸಲ ಸಂಕ್ರಾಂತಿಗೆ ಎಳ್ಳು ಬೀರಲು ಯಾರ ಮನೆಗೆ ಮೊದಲು ಎಂಬ ವಿಷಯಗಳು ಇಲ್ಲಿ ಚರ್ಚೆಗೆ ಬರುತ್ತವೆ. ಹಿಮದ ಪ್ರಸ್ತಾಪ ಇರುವುದಿಲ್ಲ. ಕೊನೆಯದು ಪುಚ್ಛವರ್ಗ. ಹದಿನೆಂಟು ಜನ ತುಳಿದು ಗಟ್ಟಿಮಾಡಿದ ದಾರಿಯಲ್ಲಿ ಕೈಬೀಸಿಕೊಂಡು ಬಂದು, “ಇಷ್ಟೇನಾ? ಇದಕ್ಕೆ ಸ್ನೋಶೂ ಬೇರೆ ಯಾಕೆ ಬೇಕಿತ್ತು?” ಎನ್ನುವುದು ಇವರ ಮುಖ್ಯ ಲಕ್ಷಣ. ಬೆಟ್ಟದ ಬಗ್ಗೆ ಅತ್ಯಂತ ಖಚಿತ ಅಭಿಪ್ರಾಯಗಳು ಸಾಲಿನ ಈ ತುದಿಯಿಂದಲೇ ಬರುತ್ತವೆ. ಶಾಸ್ತ್ರಕಾರನ ಕಣ್ಣಿಗೆ ಇದು ಹಿಮವಿಲ್ಲದ ಕಡೆಗಳಲ್ಲೂ ಬಿದ್ದಿದೆ, ಆದರೆ ಅದು ಪ್ರಕರಣದ ವ್ಯಾಪ್ತಿಗೆ ಹೊರಗಿನದು.

ಇನ್ನು ಪತನವಿಚಾರ. ಇದರಲ್ಲಿ ವರ್ಗಭೇದವಿಲ್ಲ, ಎಲ್ಲರೂ ಬೀಳುತ್ತಾರೆ. ಬೀಳುವ ಬಗೆ ಮಾತ್ರ ಬೇರೆ. ಸ್ವಪಾದಾಕ್ರಮಣ ಮೊದಲನೆಯದು: ಬಲಗಾಲಿನ ಸ್ನೋಶೂ ಮೇಲೆ ಎಡಗಾಲಿನದನ್ನಿಟ್ಟು, ಬಲಗಾಲನ್ನು ಎತ್ತಲು ಹೋಗುವುದು. ಅಗಲಗಾಲು ಹಾಕಿ ನಡೆಯಿರಿ ಎಂದು ರೇಂಜರ್ ಆಗತಾನೇ ಹೇಳಿ ಮುಗಿಸಿರುತ್ತಾರೆ.

ಎರಡನೆಯದು ಛಾಯಾಚಿತ್ರಜನ್ಯ ಪತನ. ಸ್ನೋಶೂ ಬೆರಳುಗಳ ಬುಡದಲ್ಲಿ ಮಾತ್ರ ಬೂಟಿಗೆ ಸಿಕ್ಕಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ಕಾಲೆತ್ತಿದಾಗ ಅದರ ಬಾಲ ಕೆಳಗೆ ಜೋತುಬೀಳುತ್ತದೆ. ಮುಂದೆ ನಡೆಯುವಾಗ ಬಾಲ ಎಳೆದುಕೊಂಡು ಬರುತ್ತದೆ, ತೊಂದರೆಯಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟರೆ ಅದೇ ಬಾಲ ಸಲಿಕೆಯಾಗಿ ಹಿಮಕ್ಕೆ ಕಚ್ಚಿ ಕೂರುತ್ತದೆ. ಯಂತ್ರದ ಈ ಮರ್ಮ ಯಜಮಾನರಿಗೆ ತಿಳಿದಿರುವುದಿಲ್ಲ.

“ರೀ, ಇನ್ನೊಂದೇ ಒಂದು ಹೆಜ್ಜೆ ಹಿಂದೆ ಹೋಗ್ರೀ, ಬೆಟ್ಟ ಪೂರ್ತಿ ಬರ್ತಿಲ್ಲ.”

ಹೆಜ್ಜೆ ಹಿಂದಕ್ಕೆ ಹೋಗುತ್ತದೆ, ಬಾಲ ಹೂತುಕೊಳ್ಳುತ್ತದೆ, ಯಜಮಾನರು ಆಕಾಶ ನೋಡುತ್ತ ಬೆನ್ನ ಮೇಲೆ ಮಲಗುತ್ತಾರೆ. “ಹಾಗೇ ಇರಿ, ಅಲ್ಲಾಡಬೇಡಿ, ಈಗ ಬೆಟ್ಟ ಪೂರ್ತಿ ಬಂತು.”

ಏಳುವುದು ಬೀಳುವುದಕ್ಕಿಂತ ದೊಡ್ಡ ವಿದ್ಯೆ. ಕೈಯೂರಿ ಏಳಲು ಹೋದವರ ಕೈ ಹೆಗಲವರೆಗೆ ಒಳಗೆ ಹೋಗುತ್ತದೆ; ತಳ ಸಿಗುವುದಿಲ್ಲ. ಬಲ್ಲವರು ಮೊದಲು ಮಗ್ಗುಲಿಗೆ ಹೊರಳಿ, ಮಂಡಿಗಳನ್ನು ಎದೆಯ ಕಡೆಗೆ ಎಳೆದುಕೊಳ್ಳುತ್ತಾರೆ. ಕೈಯ ಎರಡೂ ಕೋಲುಗಳನ್ನು ಒಂದರ ಮೇಲೊಂದು ಅಡ್ಡ ಹಾಕಿ ಹಿಮದ ಮೇಲೆ ಮಲಗಿಸಿ, ಅವು ಕೂಡುವ ಕಡೆ ಅಂಗೈ ಒತ್ತಿ ಮಂಡಿಯ ಮೇಲೆ ಬರುತ್ತಾರೆ. ಅಲ್ಲಿಂದ ಒಂದು ಕಾಲು, ಆಮೇಲೆ ಇನ್ನೊಂದು. ಹೆಂಡತಿ ಕೈಕೊಟ್ಟು ಎಬ್ಬಿಸುವ ಇನ್ನೊಂದು ವಿಧಾನವೂ ಇದೆ. ಅದರಿಂದ ಇಬ್ಬರು ಬೀಳುತ್ತಾರೆ.

ಮೂರನೆಯ ಪತನದಲ್ಲಿ ಶಾಸ್ತ್ರಕಾರ ನಗುವುದಿಲ್ಲ. ಫರ್, ಹೆಮ್ಲಾಕ್ ಮರಗಳ ಕೆಳಗಿನ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದ ಸುತ್ತ ಸಡಿಲ ಹಿಮ ತುಂಬಿದ ಬಾವಿಯಾಗಿರುತ್ತದೆ, ಮೇಲೆ ನೋಡಿದರೆ ಕಾಣುವುದಿಲ್ಲ. ತಲೆಕೆಳಗಾಗಿ ಅದರೊಳಗೆ ಬಿದ್ದವರು ತಾವಾಗಿ ಎದ್ದು ಬರುವುದು ಬಹಳ ಕಷ್ಟ. ಚೆಂದದ ಮರ ಕಂಡು ಅದರಡಿ ನಿಲ್ಲಲು ಹೊರಟವರನ್ನು ರೇಂಜರ್ ಗಟ್ಟಿಯಾಗಿ ಕೂಗಿ ಕರೆಯುವುದು ಇದಕ್ಕೇ.

ರೇಂಜರರ ಮಾತಿನಲ್ಲೂ ಎರಡು ಬಗೆ. ನಿಂತಾಗ ಆಡುವುದು ಬೋಧೆ: ಹೋರಿ ಮಾರ್ಮಟ್ ಎಂಬ ದಪ್ಪ ಅಳಿಲಿನ ಬಳಗದ ಪ್ರಾಣಿ ಈಗ ನಮ್ಮ ಕಾಲಡಿಯ ಬಿಲದಲ್ಲಿ ತಿಂಗಳುಗಟ್ಟಲೆ ನಿದ್ದೆ ಹೊಡೆಯುತ್ತಿದೆ, ಇಲಿಗಳು ನೆಲಕ್ಕೂ ಹಿಮಕ್ಕೂ ನಡುವಿನ ಸಂದಿಯಲ್ಲಿ ಸಂಸಾರ ನಡೆಸುತ್ತಿವೆ, ಇತ್ಯಾದಿ. ಮಕ್ಕಳು ಇದನ್ನು ಕೇಳಿಸಿಕೊಳ್ಳುತ್ತಾರೆ. ನಡೆಯುತ್ತ ಆಡುವುದು ಎಚ್ಚರಿಕೆ, ಅದು ಎಲ್ಲರಿಗೂ. 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲೇ ಹೆಚ್ಚಿನ ಹಿಮಕುಸಿತಗಳು ಆಗುವುದು. ರೇಂಜರ್ ಒಯ್ಯುವ ದಾರಿ ಅಂಥವನ್ನು ಬಿಟ್ಟು ಬಳಸಿಕೊಂಡು ಹೋಗುತ್ತದೆ. ಪುಚ್ಛವರ್ಗದವರಿಗೆ ಇದು ಸುಮ್ಮನೆ ಸುತ್ತುದಾರಿಯಾಗಿ ಕಾಣುತ್ತದೆ. “ನೇರ ಹತ್ತಿದ್ರೆ ಅರ್ಧ ಗಂಟೆ ಉಳಿತಿತ್ತು.” ಹಾಗೆ ನೇರ ಹತ್ತುವ ಯಾತ್ರೆಗಳೂ ಇವೆ, ಅವಕ್ಕೆ ಹಿಮದಡಿ ಹೂತವರನ್ನು ಪತ್ತೆಹಚ್ಚುವ ಬೀಕನ್, ಚುಚ್ಚಿ ನೋಡುವ ಉದ್ದ ಸರಳು, ಸಲಿಕೆ ಮೂರೂ ಬೆನ್ನ ಮೇಲಿರಬೇಕು, ಬಳಸಲು ಬರಬೇಕು. ಅದು ಬೇರೆಯೇ ಶಾಸ್ತ್ರ.

ಆಹಾರದಲ್ಲಿ ಸಂಕ್ಷೇಪ ಸಾಕು. ತುಪ್ಪ ಸುರಿದು ತಂದ ಬಿಸಿಬೇಳೆಬಾತ್ ಇಲ್ಲಿ ಚಮಚ ಬಗ್ಗಿಸುವ ಗಟ್ಟಿಗೆ ಬರುತ್ತದೆ. ಬ್ಯಾಗಿನೊಳಗಿಂದ ಬಾಯಿಗೆ ನೀರು ತರುವ ಕೊಳವೆ ಚಳಿ ಹೆಚ್ಚಾದರೆ ಹೆಪ್ಪುಗಟ್ಟಿ ಕೂರುತ್ತದೆ. ನೀರಿನಂಶವಿಲ್ಲದ ಕೋಡುಬಳೆ, ಚಕ್ಕುಲಿಗಳು ಮಾತ್ರ ಊರಿನಲ್ಲಿ ಹೇಗಿದ್ದವೋ ಹಾಗೆಯೇ ಗರಿಗರಿ. ಇದನ್ನು ಕೆನಡಾ ಜೇ ಎಂಬ ಬೂದುಬಣ್ಣದ ಹಕ್ಕಿಯೂ ಅರಿತಿದೆ. ಚಾಚಿದ ಕೈಯಿಂದಲೇ ಎತ್ತಿಕೊಂಡು ಹೋಗುತ್ತದೆ. ಕಾರು ನಿಲ್ಲಿಸುವ ಜಾಗದಲ್ಲಿ ದೀನಮುಖ ಮಾಡಿ ಕೂರುವ ನರಿಯೂ ಇದೇ ಆಸೆಯದ್ದು. ಇಬ್ಬರಿಗೂ ಕೊಡುವಂತಿಲ್ಲ, ಕಾನೂನು ಅಡ್ಡಬರುತ್ತದೆ. ಗುಂಪಿನಲ್ಲಿ ಅಜ್ಜಿಯೊಬ್ಬರಿದ್ದರೆ ಮಾತ್ರ, “ಪಾಪ” ಎನ್ನುತ್ತ ಕಾನೂನಿನ ಮಾತು ಕೇಳುವುದಿಲ್ಲ.

ಎಲ್ಲ ವರ್ಗೀಕರಣಕ್ಕೂ ಒಂದು ಅಪವಾದ ಇರಲೇಬೇಕಲ್ಲ. ಅದು ಗರ್ತಕಾರ, ಅಂದರೆ ಗುಂಡಿ ತೋಡುವವರು. ಇವರು ಗುಂಪಿನವರಲ್ಲ, ಸ್ನೋಶೂ ಕಟ್ಟಿಲ್ಲ. ಗುಂಪು ತುಳಿದು ಹೋದ ದಾರಿ ಕಂಡು ಬರಿಯ ಬೂಟಿನಲ್ಲೇ ಹಿಂದೆ ಹೊರಡುತ್ತಾರೆ. “ದಾರಿ ಇದೆಯಲ್ಲ, ಬೂಟೇ ಸಾಕು.” ಮುಂಜಾನೆಯ ಗಟ್ಟಿ ಹಿಮದ ಮೇಲೆ ಇದು ನಡೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ದಾರಿ ಮೆತ್ತಗಾದ ಮೇಲೆ ಒಂದೊಂದು ಹೆಜ್ಜೆಗೂ ಮಂಡಿ ಮುಳುಗುವ ಗುಂಡಿ ಬೀಳುತ್ತದೆ, ರಾತ್ರಿ ಆ ಗುಂಡಿಗಳು ಹೆಪ್ಪುಗಟ್ಟಿ ಕಲ್ಲಾಗುತ್ತವೆ. ಮಾರನೆಯ ಗುಂಪಿಗೆ ಇದು ಕಣಕಾಲು ಉಳುಕಿಸುವ ದಾರಿ. ಬೆಂಗಳೂರಿನಿಂದ ಹೋದವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ.

ಗರ್ತಕಾರರಲ್ಲಿ ಎರಡು ಕವಲು. ಮೊದಲ ಗುಂಡಿಯಲ್ಲೇ ಬೂಟಿನೊಳಗೆ ಹಿಮ ತುಂಬಿಸಿಕೊಂಡು, ಬಾಡಿಗೆ ಸ್ನೋಶೂ ಎಲ್ಲಿ ಸಿಗುತ್ತದೆ ಎಂದು ಕೇಳುತ್ತ ಹಿಂದಿರುಗುವವರು ಒಂದು. ಮಾರನೆಯ ದಿನವೂ ಬೂಟಿನಲ್ಲೇ ಬಂದು, ತಾವೇ ನಿನ್ನೆ ತೋಡಿದ ಗುಂಡಿಯಲ್ಲಿ ಎಡವಿ, ಉದ್ಯಾನದವರು ದಾರಿಯನ್ನು ಸರಿಯಾಗಿ ಇಟ್ಟುಕೊಂಡಿಲ್ಲವೆಂದು ಮಾಹಿತಿ ಕೇಂದ್ರದ ಕೌಂಟರಿನಲ್ಲಿ ದೂರು ಕೊಡುವವರು ಇನ್ನೊಂದು.