ಗುಂಡಿನ ಇಲಾಖೆ

ಹಳೆಯ ಕಂಪ್ಯೂಟರ್ ಗೇಮುಗಳ ಬಗ್ಗೆ ಅಭಿಪ್ರಾಯ ಸಾಕಿಕೊಂಡವರು ನೆಂಟರಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ವಯಸ್ಸು ನಲವತ್ತರಾಚೆ, ಕೆಲಸ ಸಾಫ್ಟ್‌ವೇರು, ಬೆನ್ನುನೋವು ಕಾಯಂ. ಹೊಸ ಗೇಮು ತೋರಿಸಿದರೆ ‘ಚಿತ್ರ ಚೆನ್ನಾಗಿದೆ, ಆಟ ಎಲ್ಲಿ?’ ಅನ್ನುತ್ತಾರೆ. ಕಷ್ಟದ ಆಟ ಹೊಸದಾಗಿದ್ದರೆ ಮಾಡಿದವನಿಗೆ ಬುದ್ಧಿಯಿಲ್ಲ. ಹಳೆಯದಾಗಿದ್ದರೆ ಆಡುವವನಿಗೆ ಯೋಗ್ಯತೆಯಿಲ್ಲ.

ನಮ್ಮ ಪಾಲಿಗೆ ಬಂದವರು ನನ್ನ ಷಡ್ಡಕರು. ಅವರ ಆರಾಧ್ಯದೈವ 1995ರ ‘ಕ್ರುಸೇಡರ್: ನೋ ರಿಮೋರ್ಸ್’. ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದ ಒರಿಜಿನ್ ಕಂಪನಿಯದು. ಐಸೊಮೆಟ್ರಿಕ್ ಶೂಟರ್, ಅಂದರೆ ಮೇಲಿನಿಂದ ಓರೆಯಾಗಿ ಕಾಣುವ ಜಗತ್ತು, ದೂರದ್ದೂ ಹತ್ತಿರದ್ದೂ ಒಂದೇ ಗಾತ್ರ. ಅದರೊಳಗೆ ಕೆಂಪು ಕವಚದ ಸೈಲೆನ್ಸರ್ ಎಂಬ ಸೈನಿಕ ಗುಂಡು ಹಾರಿಸುತ್ತ ಹೋಗುತ್ತಾನೆ. ಪೀಪಾಯಿ, ಕಂಪ್ಯೂಟರು, ಕುರ್ಚಿಗಳೆಲ್ಲ ಸಿಡಿಯುತ್ತವೆ. ಆಮೇಲೆ ಬಂದ ಯಾವ ಗೇಮಿನಲ್ಲೂ ಕುರ್ಚಿ ಇಷ್ಟು ಪ್ರಾಮಾಣಿಕವಾಗಿ ಒಡೆದಿಲ್ಲ ಎನ್ನುವುದು ಷಡ್ಡಕರ ಮತ.

ಈ ಯುಗಾದಿಗೆ ಬಂದವರು, ಹೋಳಿಗೆ ಇನ್ನೂ ಬಾಯಲ್ಲಿರುವಾಗಲೇ ನನ್ನ ಲ್ಯಾಪ್‌ಟಾಪ್ ತೆಗೆಸಿದರು. “ಐದೇ ನಿಮಿಷ ಆಡಿ ಭಾವ.” ಅತಿ ಸುಲಭದ ಹಂತಕ್ಕೆ ‘ಮಾಮಾಸ್ ಬಾಯ್’ ಎಂದು ಹೆಸರು, ನನ್ನನ್ನು ಕೇಳದೆಯೇ ಅದನ್ನು ಹಾಕಿಕೊಟ್ಟಿದ್ದರು. ಎಡಬಾಣ ಒತ್ತಿದೆ. ಸೈಲೆನ್ಸರ್ ಹೋಗಲಿಲ್ಲ, ನಿಂತಲ್ಲೇ ತಿರುಗಿ ಗೋಡೆ ನೋಡತೊಡಗಿದ. “ಅವನ ಎಡ ಭಾವ, ನಿಮ್ಮ ಎಡ ಅಲ್ಲ!” ಅಷ್ಟರಲ್ಲಿ ಕ್ಯಾಮೆರಾದ ಕಣ್ಣಿಗೆ ಬಿದ್ದೆ, ಅಲಾರಂ ಕೂಗಿತು, ಕಾವಲಿನವರು ಬಂದರು. ಅವರ ಕಡೆ ಮುಖ ಮಾಡುವುದರೊಳಗೆ ಸತ್ತೆ. “ಇದೇ ಇದರ ಸೊಗಸು” ಎಂದರು.

ಸೊಗಸು ತೋರಿಸಿ ಎಂದು ಎದ್ದು ಜಾಗ ಬಿಟ್ಟೆ. ಷಡ್ಡಕರು ಅಂಗಿಯ ತೋಳು ಮಡಚಿ ಕೂತು, ಎರಡನೆಯ ಕೋಣೆಯಲ್ಲಿ ಸತ್ತರು. ತಪ್ಪು ಲ್ಯಾಪ್‌ಟಾಪಿನದು, ಬಲಗಡೆ ಅಂಕಿಗಳ ಕೀಗಳಿಲ್ಲ. ಆಮೇಲೆ ಕನ್ನಡಕದ್ದು. ಆಮೇಲೆ, ಬೆನ್ನ ಹಿಂದೆ ನಿಂತು ಉಸಿರಾಡುವವರದು. ನಾನು ಉಸಿರು ಬಿಗಿಹಿಡಿದೆ, ಮತ್ತೆ ಸತ್ತರು. ಫೋನಿನಲ್ಲೇ ಬೆಳೆದ ಅವರ ಮಗ ಬಂದು ಆ ಕೋಣೆಯನ್ನು ಸಲೀಸಾಗಿ ದಾಟಿದ. ಅಪ್ಪನಿಗೆ ಹೆಮ್ಮೆಯಾಗಬೇಕಿತ್ತು. “ಮಾಮಾಸ್ ಬಾಯ್‌ನಲ್ಲಿ ಯಾರು ಬೇಕಾದ್ರೂ ದಾಟ್ತಾರೆ” ಎಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಕಾಫಿಯ ಹೊತ್ತಿಗೆ ವಿಷಯ ಹೊರಬಿತ್ತು. ದಾವಣಗೆರೆಯ ಹಾಸ್ಟೆಲ್ಲಿನಲ್ಲಿ ಇವರು ಆಡಿದ್ದು ಕದ್ದು ನಕಲು ಮಾಡಿದ ಸಿ.ಡಿ. ಜಾಗ ಉಳಿಸಲು ಯಾರೋ ವಿಡಿಯೋ ಕಥಾಭಾಗವನ್ನೆಲ್ಲ ಕಿತ್ತುಹಾಕಿದ್ದರು. ಜನಸಾಮಾನ್ಯರ ಮೇಲೆ ಗುಂಡು ಹಾರಿಸಲೊಲ್ಲದೆ ಸೈಲೆನ್ಸರ್ ಬಂಡುಕೋರರ ಕಡೆ ಸೇರಿದವನು. ಇದು ಇವರಿಗೆ ಗೊತ್ತೇ ಇರಲಿಲ್ಲ. ಕಾಣೆಯಾದ ತಮ್ಮನನ್ನು ಹುಡುಕುತ್ತಿದ್ದಾನೆಂದು ಇವರ ಊಹೆ. ಸತ್ತವರ ಜೇಬಿನಿಂದ ಹಣ ತೆಗೆಯುತ್ತಾನಲ್ಲ, ಸಾಲ ವಸೂಲಿಗೆ ಹೊರಟಿದ್ದಾನೆಂದು ರೂಂಮೇಟಿನ ವಾದ. ಒಂದೇ ಕೀಬೋರ್ಡಿನಲ್ಲಿ ಓಡಿಸುವುದು ಇವರು, ಗುಂಡು ಅವನು. ಬೆಳಗಿನ ಜಾವದವರೆಗೆ ತಮ್ಮನ ಹುಡುಕಾಟ.

ಈಚೆಗೆ ಗೇಮು ಮಾರುವ ಜಿ.ಒ.ಜಿ. ಜಾಲತಾಣದಲ್ಲಿ ದುಡ್ಡು ಕೊಟ್ಟು ಕೊಂಡಾಗಲೇ ವಿಡಿಯೋ ನೋಡಿದ್ದು. “ತಮ್ಮ ಇರಲೇ ಇಲ್ಲ ಭಾವ” ಎಂದರು, ಕಾಫಿ ಲೋಟ ನೋಡುತ್ತ. ರೂಂಮೇಟು ಈಗ ಟೊರಾಂಟೋದಲ್ಲಿದ್ದಾನೆ. ಈ ವಿಷಯ ಹೇಳೋಣವೆಂದು ಫೋನು ಮಾಡಿದರೆ ಮನೆಸಾಲದ ಬಡ್ಡಿಯ ಬಗ್ಗೆ ಮಾತಾಡಿದನಂತೆ. “ನಾನು ಬರೀ ಓಡಿಸೋನು. ಗುಂಡು ಅವನ ಇಲಾಖೆ.”

ಇಷ್ಟು ಹೊತ್ತು ಇವರ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ. ಗುಂಡು ನಾನು ಹಾರಿಸುತ್ತೇನೆ ಬನ್ನಿ ಎಂದೆ. ಉತ್ಸಾಹದಿಂದ ಎದ್ದರು. ಯಾವ ಕೀ ಒತ್ತಬೇಕು ಎಂದು ಕೇಳಿದೆ.

“ಅದನ್ನೂ ಹೇಳಿಕೊಟ್ರೆ ಆಟ ಹೇಗಾಗುತ್ತೆ ಭಾವ?” ಎಂದು ರೇಗಿದರು.