ಬಣ್ಣ ಬಂದ ವರ್ಷ

ಕಳೆದ ವಾರ ನಮ್ಮ ಮನೆಯ ಟಿವಿಯ ಬಣ್ಣ ಹೋಯಿತು. ಸೌಂಡು ಕಮ್ಮಿ ಮಾಡೋಣ ಎಂದು ರಿಮೋಟಿನ ಯಾವುದೋ ಗುಂಡಿ ಒತ್ತಿದೆ, ಅಷ್ಟೇ. ಧಾರಾವಾಹಿಯ ಅತ್ತೆಯ ಮೈಮೇಲಿದ್ದ ಕಡುಗೆಂಪು ರೇಷ್ಮೆ ಸೀರೆ ನೋಡನೋಡುತ್ತಲೇ ಬೂದಿ ಬಣ್ಣಕ್ಕೆ ತಿರುಗಿತು. "ತಾತಾ, ಏನು ಮಾಡಿದ್ರಿ?" ಎಂದು ಮೊಮ್ಮಗಳು ಕಿರುಚಿದಳು. ನನ್ನಾಕೆ ಏನೂ ಅನ್ನಲಿಲ್ಲ. ಅಂದು ಪ್ರಯೋಜನವಿಲ್ಲವೆಂಬುದು ಅವಳಿಗೆ ಎಂದೋ ಗೊತ್ತಾಗಿದೆ. ನನಗೇನೋ ಚಿತ್ರ ಚೆನ್ನಾಗಿಯೇ ಇತ್ತು. ಕಪ್ಪು ಬಿಳುಪಿನಲ್ಲಿ ಆ ಅತ್ತೆ ಸ್ವಲ್ಪ ಒಳ್ಳೆಯವಳಾಗಿಯೂ ಕಂಡಳು. ಮೊಮ್ಮಗಳು ರಿಮೋಟು ಕಿತ್ತುಕೊಂಡು ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಿ, "ನಿಮ್ಮ ಕಾಲದಲ್ಲಿ ಕಲರ್ ಯಾವಾಗ ಬಂತು ತಾತಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಎದ್ದು ಹೋಗಿಯೂಬಿಟ್ಟಳು. ಎದ್ದುಬಂದ ಉತ್ತರವನ್ನು ಎಲ್ಲಾದರೂ ಇಳಿಸಬೇಕಲ್ಲ, ನೀವು ಸಿಕ್ಕಿದ್ದೀರಿ. ಕುಳಿತುಕೊಳ್ಳಿ.

ಬಣ್ಣ ಬಂದದ್ದು 1982ರಲ್ಲಿ. ಆಗ ನಾನು ಬೆಂಗಳೂರಿನ ಹನುಮಂತನಗರದ ವಠಾರವೊಂದರಲ್ಲಿ ಬಾಡಿಗೆಗಿದ್ದ ಗುಮಾಸ್ತ. ಬೆಂಗಳೂರಿಗೆ ಟಿವಿ ಎಂಬುದು ಬಂದೇ ಹೆಚ್ಚು ದಿನವಾಗಿರಲಿಲ್ಲ. ದೆಹಲಿಯವರು 1959ರಿಂದಲೇ ನೋಡುತ್ತಿದ್ದರಂತೆ. ಇರಲಿ, ಅದು ರಾಜಧಾನಿ. ಆದರೆ ಪಕ್ಕದ ಮನೆಯ ರಾಯಚೂರಿನ ಹುಡುಗ, "ನಿಮಗಿಂತ ಮೊದ್ಲ ನಾವು ನೋಡೀವ್ರೀ, ಸಾಲಿ ಅಂಗಳದಾಗ ಕುಂತು" ಎಂದಾಗ ಮಾತ್ರ ಬೆಂಗಳೂರಿನ ಮರ್ಯಾದೆ ಹೋಗುತ್ತಿತ್ತು. ಅವನು ಹೇಳುತ್ತಿದ್ದುದು ನಿಜ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದ್ದರು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ವರ್ಷ ತುಂಬಿದ ಮೇಲೆ ಎರವಲು ಕೊಟ್ಟವರು ವಾಪಸು ತೆಗೆದುಕೊಂಡರು. ಹಳ್ಳಿಯವರು ಪುನಃ ಬಯಲಾಟಕ್ಕೆ ಹೋದರು.

ನಮ್ಮ ವಠಾರದಲ್ಲಿ ಟಿವಿ ಇದ್ದದ್ದು ಮಾಲೀಕರ ಮನೆಯಲ್ಲಿ ಮಾತ್ರ. ನಾಲ್ಕು ಕಾಲು, ಅತ್ತಿತ್ತ ಸರಿಯುವ ಮರದ ಬಾಗಿಲು, ಬಾಗಿಲಿಗೊಂದು ಬೀಗ. ಬೀಗದ ಕೈ ಮಾಲೀಕರ ಜನಿವಾರದಲ್ಲಿ. ಆ ದಿನಗಳಲ್ಲಿ ಟಿವಿಗೆ ಲೈಸೆನ್ಸ್ ಬೇಕಿತ್ತು, ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕಿತ್ತು. ಈ ವಿಷಯವನ್ನು ಅವರು ಪ್ರತಿ ಸಂಜೆ ಬಾಗಿಲು ಸರಿಸುವ ಮೊದಲು ನಮಗೆಲ್ಲ ತಿಳಿಸುತ್ತಿದ್ದರು. ಕೇಳಿಕೊಂಡು ಚಾಪೆಯ ಮೇಲೆ ಕೂರುತ್ತಿದ್ದೆವು. ಬಾಡಿಗೆ ತಡಮಾಡಿದವರು ಹಿಂದೆ, ನಡುಮನೆಯ ಹೊಸ್ತಿಲ ಮೇಲೆ. ನನಗೆ ಅಲ್ಲಿ ಕಾಯಂ ಜಾಗವಿತ್ತು.

ಬಣ್ಣದ ಮಾತು ಕೇಳಿಬಂದದ್ದೇ ಮಾಲೀಕರು ಚಿಕ್ಕಪೇಟೆಗೆ ಹೋಗಿ ಪ್ಲಾಸ್ಟಿಕ್ಕಿನ ಹಾಳೆಯೊಂದನ್ನು ತಂದು ಪರದೆಯ ಮುಂದೆ ಕಟ್ಟಿದರು. ಮೇಲೆ ನೀಲಿ, ನಡುವೆ ಹಳದಿ, ಕೆಳಗೆ ಹಸಿರು. ಆಕಾಶ ನೀಲಿ, ಹುಲ್ಲು ಹಸಿರು, ಸಿದ್ಧಾಂತದಲ್ಲಿ ತಪ್ಪಿಲ್ಲ. ಆದರೆ ಪರದೆಯ ಮೇಲೆ ಸದಾ ಆಕಾಶವೂ ಹುಲ್ಲೂ ಇರುವುದಿಲ್ಲವಲ್ಲ. ಸಲ್ಮಾ ಸುಲ್ತಾನ್ ಕಿವಿಯ ಹಿಂದೆ ಮುಡಿದು ವಾರ್ತೆ ಓದುತ್ತಿದ್ದ ಗುಲಾಬಿ ನಮ್ಮ ವಠಾರಕ್ಕೆ ನೀಲಿಯಾಗಿಯೇ ತಲುಪುತ್ತಿತ್ತು. ಮುಖಕ್ಕೆ ಅರಿಸಿನ ಹಚ್ಚಿಕೊಂಡ ಮಂತ್ರಿಗಳು ಹಸಿರು ಪಂಚೆ ಉಟ್ಟು ಅಣೆಕಟ್ಟು ಉದ್ಘಾಟಿಸುತ್ತಿದ್ದರು.

ಇಷ್ಟಕ್ಕೂ ಬಣ್ಣ ಬೇಕೇ ಎಂಬುದರ ಮೇಲೆಯೇ ದೊಡ್ಡ ಜಗಳವಿತ್ತು. ಕುಡಿಯುವ ನೀರಿಲ್ಲದ ದೇಶಕ್ಕೆ ಬಣ್ಣದ ಟಿವಿಯ ಷೋಕಿಯೇ ಎಂದು ಕೇಳುವವರು ಕೇಳಿದರು. ವಾರ್ತಾ ಮಂತ್ರಿ ವಸಂತ ಸಾಠೆಯವರು ಬೇಕೇ ಬೇಕು ಎಂದು ಪಟ್ಟು ಹಿಡಿದರು. ಅವರ ಬೆನ್ನಿಗೆ ಏಷ್ಯಾಡ್ ಇತ್ತು. ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯಾ ಖಂಡವೇ ಬಂದು ಓಡುವಾಗ ಅದನ್ನು ಕಪ್ಪು ಬಿಳುಪಿನಲ್ಲಿ ತೋರಿಸುವುದು ಹೇಗೆ? ಮದುವೆ ಮನೆಗೆ ಸುಣ್ಣ ಬಳಿಯಬೇಡಿ ಎಂದರೆ ಯಾವ ಯಜಮಾನ ಕೇಳುತ್ತಾನೆ? ಹೊರದೇಶದ ಟಿವಿಗಳಿಗೆ ಆಮದಿನ ಬಾಗಿಲು ಸ್ವಲ್ಪ ಸಡಿಲವಾಯಿತು, ಗಲ್ಫಿನಲ್ಲಿ ಅಳಿಯಂದಿರಿದ್ದವರ ಬೆಲೆ ರಾತ್ರೋರಾತ್ರಿ ಏರಿತು.

ಆಗಸ್ಟ್ 15ರಂದು ಇಂದಿರಾ ಗಾಂಧಿಯವರು ಕೆಂಪುಕೋಟೆಯ ಮೇಲಿಂದ ಮಾಡಿದ ಭಾಷಣ ಬಣ್ಣದಲ್ಲಿ ಪ್ರಸಾರವಾಯಿತು. ಅಂದಿನಿಂದಲೇ ರಾಷ್ಟ್ರೀಯ ಕಾರ್ಯಕ್ರಮವೂ ಶುರು. ಅಲ್ಲಿಯವರೆಗೆ ಒಂದೊಂದು ಕೇಂದ್ರದ್ದು ಒಂದೊಂದು ಸಂಜೆ. ಇನ್ನು ಮೇಲೆ ರಾತ್ರಿಯಾಯಿತೆಂದರೆ ಇಡೀ ದೇಶಕ್ಕೆ ದೆಹಲಿಯ ಒಂದೇ ರಾತ್ರಿ. ನನ್ನನ್ನು ಕೇಳಿದರೆ, ಆ ವರ್ಷ ಬಂದ ದೊಡ್ಡ ಬದಲಾವಣೆ ಬಣ್ಣವಲ್ಲ, ಇದು. ಬಣ್ಣ ಎಲ್ಲೋ ಕೆಲವರ ಮನೆಗೆ ಹೋಯಿತು, ದೆಹಲಿ ಟಿವಿ ಇದ್ದ ಎಲ್ಲರ ಮನೆಗೂ ಬಂತು.

ಬಂದ ಸಮಯವಾದರೂ ಎಂಥದು! ಅದೇ ವರ್ಷ ಇಲ್ಲಿ ಗೋಕಾಕ್ ಚಳವಳಿ. ರಾಜ್‌ಕುಮಾರ್ ಊರೂರು ಸುತ್ತಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದು ಕೇಳುತ್ತಿದ್ದರು, ಜನಸಾಗರ ಸೇರುತ್ತಿತ್ತು. ನಮ್ಮ ವಠಾರದವರೂ ಮೆರವಣಿಗೆಗೆ ಹೋಗಿ, ಗಂಟಲು ಹರಿಯುವ ಹಾಗೆ ಜೈಕಾರ ಕೂಗಿ, ಮನೆಗೆ ಬಂದು ಕಾಲು ತೊಳೆದು ಹಿಂದಿ ವಾರ್ತೆಯ ಮುಂದೆ ಕೂರುತ್ತಿದ್ದೆವು. ಅರ್ಥವಾಗುತ್ತಿತ್ತೇ ಎಂದು ಕೇಳಬೇಡಿ. ಹವಾಮಾನದ ನಕ್ಷೆಯಲ್ಲಿ ಕರ್ನಾಟಕದ ಮೇಲೆ ಮೋಡವಿದ್ದರೆ ಮಾಲೀಕರ ಹೆಂಡತಿ ಹಪ್ಪಳ ಒಳಗಿಡುತ್ತಿದ್ದರು. ಅವರು ಆ ವರ್ಷ ಕಲಿತ ಹಿಂದಿಯೆಂದರೆ 'ನಮಸ್ಕಾರ್' ಮತ್ತು 'ರುಕಾವಟ್ ಕೇ ಲಿಯೇ ಖೇದ್ ಹೈ'. ಎರಡನೆಯದನ್ನು ನಲ್ಲಿಯಲ್ಲಿ ನೀರು ನಿಂತಾಗಲೂ ಬಳಸುತ್ತಿದ್ದರು.

ಈಗ ನಮ್ಮ ಸೋದರಮಾವನ ವಿಷಯಕ್ಕೆ ಬರಲೇಬೇಕು. ಮಾವ ಹಾಸನದವರು. ಅಲ್ಲಿ ಟಿವಿಯ ಸುಳಿವಿಲ್ಲದ ಕಾಲದಲ್ಲಿ ಅವರು ಬೆಂಗಳೂರಿಗೆ ಬಂದು ಮಾಲೀಕರ ಟಿವಿಯ ಮುಂದೆ, ಯಾರನ್ನೂ ಕೇಳದೆ, ಮೊದಲ ಸಾಲಿನಲ್ಲಿ ಕೂತರು. "ಇದನ್ನೆಲ್ಲ ನಡೆಸೋರು ನಾವೇ ಕಣಪ್ಪ. ಸಾಲಗಾಮೆ ರಸ್ತೇಲಿ ದೊಡ್ಡ ದೊಡ್ಡ ತಟ್ಟೆ ನಿಲ್ಲಿಸವ್ರೆ, ಹೋಗಿ ನೋಡು" ಎಂದರು. ಉತ್ಪ್ರೇಕ್ಷೆಯೇನಲ್ಲ. ಏಪ್ರಿಲ್ 10ರಂದು ಅಮೆರಿಕದಿಂದ ಹಾರಿದ ಇನ್ಸಾಟ್-1ಎ ಉಪಗ್ರಹವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಕೇಂದ್ರ ಹಾಸನದಲ್ಲೇ ಇತ್ತು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ ನಿಂತು ದೇಶಕ್ಕೆಲ್ಲ ಟಿವಿ, ಟೆಲಿಫೋನು, ಹವಾಮಾನದ ಚಿತ್ರ ಎಲ್ಲವನ್ನೂ ಒದಗಿಸಬೇಕಾಗಿದ್ದ ಉಪಗ್ರಹ ಅದು. ಮಾಡಿಕೊಟ್ಟದ್ದು ಫೋರ್ಡ್ ಏರೋಸ್ಪೇಸ್. "ಹಾರೋದಕ್ಕೆ ಕಾರಿನೋರು ಯಾಕೆ?" ಎಂಬುದೊಂದೇ ಮಾವನ ಅನುಮಾನ.

ಪಾಪ, ಅದಕ್ಕೆ ಮೊದಲಿನಿಂದಲೂ ಬಾಲಗ್ರಹ. ಆಂಟೆನಾ ಬಿಚ್ಚಿಕೊಳ್ಳಲು ಹಟ ಮಾಡಿತು, ಸೌರಪಟ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರಿನ ಮೊದಲ ವಾರದಲ್ಲಿ ಭೂಮಿಯನ್ನು ನೋಡುತ್ತಿರಬೇಕಾದ ಅದರ ಕಣ್ಣಿಗೆ ಚಂದ್ರ ಅಡ್ಡ ಬಂದ. ದಿಕ್ಕು ತಪ್ಪಿದ್ದರಲ್ಲಿ ಇಂಧನ ಖಾಲಿಯಾಯಿತು, 6ನೇ ತಾರೀಖು ಅದರ ಕಥೆ ಮುಗಿಯಿತು. ಹುಟ್ಟಿ ಐದು ತಿಂಗಳೂ ತುಂಬಿರಲಿಲ್ಲ. ಎಂಜಿನಿಯರುಗಳು ವರದಿ ಬರೆಯುವ ಮೊದಲೇ ಮಾವ ಕಾರಣ ಕಂಡುಹಿಡಿದಿದ್ದರು. ಗಣೇಶನ ಹಬ್ಬ ಮುಗಿದು ಎರಡು ವಾರವಾಗಿತ್ತಷ್ಟೇ. "ಚೌತಿ ಚಂದ್ರನ್ನ ನೋಡಿಬಿಟ್ಟಿದೆ ಕಣಪ್ಪ. ಕೃಷ್ಣಪರಮಾತ್ಮನಿಗೇ ತಪ್ಪಲಿಲ್ಲ, ಇನ್ನು ಈ ಡಬ್ಬಿ ಯಾವ ಲೆಕ್ಕ? ಯಾರಾದರೂ ಶಮಂತಕಮಣಿ ಕಥೆ ಓದಿ ಹೇಳಬಾರದಿತ್ತಾ ಅದಕ್ಕೆ!"

ಉಪಗ್ರಹ ಹೋದರೂ ಏಷ್ಯಾಡ್ ನಿಲ್ಲಲಿಲ್ಲ. ದೂರದರ್ಶನದವರು ಬೇರೆ ದಾರಿ ನೋಡಿಕೊಂಡರು. ನವೆಂಬರ್ 19ರಂದು ಅಪ್ಪು ಎಂಬ ಆನೆಮರಿಯ ಲಾಂಛನದೊಂದಿಗೆ ಆಟ ಶುರುವಾಯಿತು. ಮಾವ ಮತ್ತೆ ಹಾಜರ್, ಜೊತೆಗೆ ಒಂದು ಮೂಟೆ ಆಲೂಗೆಡ್ಡೆ. ಅರ್ಧ ಮಾಲೀಕರಿಗೆ ಹೋಯಿತು, ಹೊಸ್ತಿಲಿನಿಂದ ಚಾಪೆಗೆ ನನಗೆ ಬಡ್ತಿ ಸಿಕ್ಕಿತು. ವಲ್ಸಮ್ಮ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದಾಗ ಹೆಂಗಸರೆಲ್ಲ ಎದ್ದುನಿಂತರು. ಪಿ.ಟಿ. ಉಷಾ ಎರಡು ಬೆಳ್ಳಿ ತಂದಳು. ಹೆಂಗಸರ ಹಾಕಿಯಲ್ಲೂ ಚಿನ್ನ ಬಂತು.

ಗಂಡಸರ ಹಾಕಿಯ ಸಂಗತಿ ಮಾತ್ರ ನೆನೆಸಿಕೊಳ್ಳದಿರುವುದು ವಾಸಿ. ಡಿಸೆಂಬರ್ 1ರಂದು ಫೈನಲ್, ಎದುರಿಗೆ ಪಾಕಿಸ್ತಾನ. ಮಾಲೀಕರ ಪ್ಲಾಸ್ಟಿಕ್ ಹಾಳೆಯ ಮಹಿಮೆ ಆವತ್ತು ಪೂರ್ತಿ ಬಯಲಾಯಿತು. ಪರದೆಯ ಕೆಳಭಾಗ ಹಸಿರಲ್ಲವೇ? ಅಲ್ಲಿಗೆ ಬಂದ ಆಟಗಾರರೆಲ್ಲ ಹಸಿರು ಅಂಗಿಯವರೇ. ನಮ್ಮವರು ಯಾರು, ಅವರು ಯಾರು ತಿಳಿಯದೆ ಮೊದಲ ಎರಡು ಗೋಲಿಗೆ ವಠಾರವೆಲ್ಲ ಚಪ್ಪಾಳೆ ತಟ್ಟಿತು. ರಾಯಚೂರಿನ ಹುಡುಗನೊಬ್ಬ ಸುಮ್ಮನಿದ್ದ. ಅವನಿಗೆ ಮೊದಲಿನಿಂದಲೂ ಟಿವಿ ನೋಡಿ ಅಭ್ಯಾಸ. 7-1ಕ್ಕೆ ಸೋತ ಮೇಲೆ ಮಾಲೀಕರು ಎದ್ದು ಒಂದು ಮಾತೂ ಆಡದೆ ಹಾಳೆ ಕಿತ್ತು ಅಡಿಗೆಮನೆಗೆ ಕೊಟ್ಟರು. ಅದು ಬಹಳ ಕಾಲ ಹಿಟ್ಟಿನ ಡಬ್ಬದ ಮೇಲೆ ಮುಚ್ಚಳವಾಗಿತ್ತು.

ಮರುವರ್ಷ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಇನ್ಸಾಟ್-1ಬಿ ಮೇಲೇರಿತು. ಈ ಸಲ ಚೌತಿಗೆ ಇನ್ನೂ ಹತ್ತು ದಿನವಿತ್ತು, ಎಚ್ಚರ ವಹಿಸಲು ಸಮಯವಿದೆ ಎಂದು ಮಾವ ಕಾಗದ ಬರೆದರು. ಉಪಗ್ರಹ ಉಳಿದುಕೊಂಡಿತು, ಊರೂರಲ್ಲೂ ಪ್ರಸಾರದ ಕಂಬಗಳೆದ್ದವು. ಕಾಲಕ್ರಮದಲ್ಲಿ ಮಾವನ ಮನೆಗೂ ಟಿವಿ ಬಂತು. ಚಿತ್ರ ನಿಚ್ಚಳವಾಗಿ ಬಂದರೆ ಅದು ಹಾಸನದವರ ಕೈಗುಣ. ಪರದೆ ತುಂಬ ಇರುವೆ ಹರಿದರೆ ಅದು ಆಂಟೆನಾದ ಮೇಲೆ ಕೂತ ಕಾಗೆಯ ಕಿತಾಪತಿ. ಅವರು ಬರೆದ ಒಂದು ಕಾರ್ಡಿನ ಒಕ್ಕಣೆ ನನಗಿನ್ನೂ ಬಾಯಿಪಾಠವಾಗಿದೆ: "ಕಾಗೆ ಹೆದರಲೆಂದು ಆಂಟೆನಾಕ್ಕೆ ಹಳೇ ಛತ್ರಿ ಕಟ್ಟಿಸಿದ್ದೇನೆ. ಅಂದಿನಿಂದ ಕಾಗೆ ಬರುತ್ತಿಲ್ಲ. ವಾರ್ತೆಯೂ ಬರುತ್ತಿಲ್ಲ. ಉಳಿದಂತೆ ಎಲ್ಲರೂ ಕ್ಷೇಮ."